ಕೋಡಿಗೆ ಅಡ್ಡ ಇಟ್ಟ ಚೀಲಗಳು

ಒದ್ದೆ ಗೋಣಿಚೀಲದ ವಾಸನೆ ಬಂದರೆ ಸಾಕು, ಈಗಲೂ ನಾನು ಎದ್ದುಹೋಗಿ ಮನೆ ಮುಂದಿನ ಚರಂಡಿ ಕಟ್ಟಿಕೊಂಡಿದೆಯಾ ಅಂತ ನೋಡಿ ಬರುತ್ತೇನೆ, ಬೇಸಿಗೆಯಲ್ಲೂ.

ಆಗ ನನಗೆ ಒಂಬತ್ತು ವರ್ಷ. ಹೊಸದುರ್ಗದ ಕಡೆಯ ನಮ್ಮೂರ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿ, ಕೋಡಿಯಿಂದ ನೀರು ಹಳ್ಳಕ್ಕೆ ಹರಿಯತೊಡಗಿತ್ತು. ಹರಿದುಹೋಗುವ ನೀರು ನೋಡಿ ಊರಿನವರಿಗೆ ಹೊಟ್ಟೆ ಉರಿಯಿತು. ಮಧ್ಯಾಹ್ನ ಎಲ್ಲರೂ ಸೇರಿ ಮರಳಿನ ಚೀಲಗಳನ್ನು ಕೋಡಿಗೆ ಅಡ್ಡ ಪೇರಿಸಿದರು. ನಾನು ಚೀಲದ ಬಾಯಿ ಹಿಡಿದೆ, ಅಪ್ಪ ಹೊಲಿದ.

ಕೆರೆ ಏರಿಯ ಕೆಳಗೆ ಮನೆಯಿದ್ದ ಅತ್ತೆ, ಅಪ್ಪನ ತಂಗಿ, ಓಡಿಬಂದಳು. "ಅಣ್ಣಾ, ಇನ್ನೂ ಮೋಡ ಐತೆ. ಏರಿ ತಡೀತೈತಾ?"

"ಬಂದಿರೋ ಗಂಗಮ್ಮನ್ನ ಯಾರಾದ್ರೂ ಕಳಿಸ್ತಾರೇನಮ್ಮ? ನನ್ನ ಮಗಳೇ ಹೆದರಿಲ್ಲ, ನೋಡು."

ನಾನು ಎದೆಯುಬ್ಬಿಸಿದೆ. ಧೈರ್ಯವಂತೆ ಅನ್ನಿಸಿಕೊಂಡಿದ್ದು ಅದೊಂದೇ ಸಲ.

ನಸುಕಿನಲ್ಲಿ ಏರಿ ಒಡೆಯಿತು. ಅತ್ತೆ ಸಂಜೆಯೇ ಮಕ್ಕಳನ್ನು ಕರೆದುಕೊಂಡು ಗುಡ್ಡದ ಗುಡಿಗೆ ಹೋಗಿದ್ದಳು. ಮನೆ ಉಳಿಯಲಿಲ್ಲ. ಹಳ್ಳದ ಎರಡೂ ಕಡೆ ಹೊಲಗಳ ಮೇಲೆ ಮೊಣಕಾಲುದ್ದ ಮರಳು ಬಿದ್ದಿತ್ತು.

ಆಮೇಲೆ ಒಂದು ವರ್ಷ ಅತ್ತೆ ನಮ್ಮಲ್ಲೇ ಇದ್ದಳು. ಚೀಲದ ಮಾತು ಒಮ್ಮೆಯೂ ಎತ್ತಲಿಲ್ಲ. ಊಟಕ್ಕೆ ಬಡಿಸುವಾಗ, "ಇನ್ನೊಂದು ಮುದ್ದೆ ಹಾಕ್ಲೇನಣ್ಣಾ?" ಅನ್ನುತ್ತಿದ್ದಳು.

ಅಪ್ಪ ತಲೆ ಎತ್ತದೆ, ಸಾಕು ಅನ್ನುತ್ತಿದ್ದ.