ಔತಣದ ಮೇಜಿನ ಗಾಜಿನ ಮರ

"ದೀಪ ಹಚ್ಚಿದರೇನೇ?" ಪರದೆಯ ಹಿಂದೆ ನಿಂತಿದ್ದ ಮುದುಕ ಮಗಳ ಮುಂಗೈ ಬಿಗಿಯಾಗಿ ಹಿಡಿದು ಕೇಳಿದ.

"ಹಚ್ತಾ ಇದ್ದಾರೆ. ಮೊದಲು ನೀನು ಉಸಿರಾಡಪ್ಪ."

"ಜೀವಮಾನವೆಲ್ಲ ಗಾಜು ಊದಿದವನಿಗೆ ಉಸಿರಾಡೋದು ಹೇಳಿಕೊಡ್ತೀಯಾ?" ಎಂದ.

ಅತ್ತ ರಾಜರ ಔತಣದ ಮೇಜಿನ ನಟ್ಟನಡುವೆ ಅವನ ಗಾಜಿನ ಮರ ನಿಂತಿತ್ತು. ಕೊಂಬೆಕೊಂಬೆಗೂ ಮಗಳು ಕೊರೆದ ಎಲೆಗಳು, ಎಲೆಗಳ ಕೆಳಗೆ ಸಾಲುಸಾಲು ಮೇಣದಬತ್ತಿ. ಕುಲುಮೆಯ ಬೆಂಕಿ ನೋಡಿ ನೋಡಿ ಮುದುಕನ ಕಣ್ಣು ಮಂಜಾಗಿ, ಮರ ಮುಗಿಯುವ ಹೊತ್ತಿಗೆ ಪೂರ್ತಿ ಹೋಗಿಯೇಬಿಟ್ಟಿತ್ತು. ಬಿಸಿ ಗಾಜು ತಣಿಯಲಿಟ್ಟ ಗೂಡನ್ನು ಯಾವಾಗ ತೆರೆಯಬೇಕೆಂದು ಈ ಸಲ ಅಂಗೈಯಿಂದಲೇ ಅಂದಾಜು ಮಾಡಿದ್ದ. ಕೊಂಚ ಅವಸರದಲ್ಲಿ ತೆರೆದು ಗಾಜು ಬೇಗ ತಣಿದಿದ್ದರೂ ಸಾಕು, ಬತ್ತಿಯ ಶಾಖಕ್ಕೆ ಮರ ಬಿರಿದು ರಾಜರ ತಟ್ಟೆಯಲ್ಲೇ ಚೂರುಚೂರು. ಮುದುಕನಿಗೆ ಅದೇ ಭಯ.

ಬಾಗಿಲು ತೆರೆಯಿತು. ಅತಿಥಿಗಳ ನಗು, ಹರಟೆ, ರೇಷ್ಮೆಯ ಸರಸರ, ಒಂದು ಸಂತೆಯೇ ಒಳಗೆ ನುಗ್ಗಿದ ಹಾಗಿತ್ತು. ನಾಲ್ಕು ಹೆಜ್ಜೆ ಬಂದಿದ್ದಾರೋ ಇಲ್ಲವೋ, ಎಲ್ಲ ಸದ್ದೂ ಒಮ್ಮೆಲೇ ನಿಂತುಹೋಯಿತು. ಒಂದು ಕೆಮ್ಮು ಕೂಡ ಇಲ್ಲ.

ಮುದುಕನ ಕುಲುಮೆಮನೆಯಲ್ಲಿ ಸದ್ದು ಹೀಗೆ ಅಡಗುವುದು ಒಂದೇ ಕಾರಣಕ್ಕೆ. ದೊಡ್ಡ ಸಾಮಾನು ಒಡೆದರೆ ಎಲ್ಲರೂ ಕೈಕೆಲಸ ಬಿಟ್ಟು ನಿಲ್ಲುತ್ತಾರೆ. ಮಾಡಿದವನೇ ಬಂದು ಚೂರು ಆರಿಸಿಕೊಳ್ಳುವ ತನಕ ಯಾರೂ ತುಟಿ ಬಿಚ್ಚುವುದಿಲ್ಲ. ಗದ್ದಲದಲ್ಲಿ ಗಾಜು ಬಿರಿದ ಸದ್ದು ತನಗೆ ಕೇಳಿಸಲಿಲ್ಲ ಎಂದುಕೊಂಡ.

"ಒಡೀತಾ?"

ಮಗಳು ಅವನ ಕೈ ಹಿಡಿದುಕೊಂಡೇ ಪರದೆಯ ಸಂದಿಯಿಂದ ಇಣುಕಿದಳು.

"ಹೇಳೇ ತಾಯಿ! ಹೋಗ್ಲಿ, ನನ್ನ ಬಿಡು. ಚೂರು ನಾನೇ ಆರಿಸ್ಬೇಕು." ಕೈ ಕೊಸರಿಕೊಂಡು ಪರದೆ ಹಿಡಿದೆಳೆಯಲು ಹೋದ.

ಅವಳು ಎರಡೂ ಕೈಯಿಂದ ತಬ್ಬಿ ತಡೆದಳು. "ಒಡೆದಿಲ್ಲಪ್ಪ. ಒಂದೊಂದು ಎಲೆಯೊಳಗೂ ಒಂದೊಂದು ದೀಪ ಉರೀತಿದೆ. ಗೋಡೆ ತುಂಬ, ಸೂರಿನ ತುಂಬ ಬೆಳಕಿನ ಎಲೆ. ನಾನು ಕೊರೆದಿದ್ದು ನನಗೇ ಗುರುತು ಸಿಗ್ತಿಲ್ಲ."

"ಮತ್ತೆ ಯಾಕೆ ಯಾರೂ ಮಾತಾಡ್ತಿಲ್ಲ?"

"ನೋಡ್ತಿದ್ದಾರೆ. ರಾಜರೂ ಕೂರೋದು ಮರೆತು ನಿಂತುಬಿಟ್ಟಿದ್ದಾರೆ."

ಮುದುಕ ಪರದೆಯಿಂದ ಕೈ ತೆಗೆದ. ಆಮೇಲೆ ಅತ್ತ ಮುಖ ಮಾಡಿ, ಕಾಣದ ಕಣ್ಣುಗಳನ್ನು ಅಗಲವಾಗಿ ತೆರೆದು, ಅವರೆಲ್ಲರ ಜೊತೆ ತಾನೂ ನೋಡುತ್ತಾ ನಿಂತ.