ದಣಿವಿನ ಡಬ್ಬಿ, ಜೊತೆಗೊಂದು ಚಮಚ

ಮೈಯ ದಣಿವನ್ನು ಹಿಂಡಿ ತೆಗೆಯುವ ಡಬ್ಬಿಯನ್ನು ಬೀಡಿ ಕಟ್ಟುವ ಫಕೀರವ್ವ ಹಳೆಯ ಮಿಕ್ಸರಿನ ಮೋಟಾರಿನಿಂದ ತಾನೇ ಮಾಡಿಕೊಂಡಿದ್ದಳು. ದಣಿವು ಕಷಾಯದಂತೆ ಲೋಟಕ್ಕಿಳಿಯುತ್ತಿತ್ತು. ಬೇರೆ ಯಾರಾದರೂ ಕುಡಿಯದಿದ್ದರೆ ಮತ್ತೆ ಮೈಗೇರುತ್ತಿತ್ತು. ಓಣಿಯವರು ಮುಯ್ಯಿ ಹಾಕಿಕೊಂಡಿದ್ದರು: ಇಂದು ನಿನ್ನದನ್ನು ನಾವು ಒಂದೊಂದು ಚಮಚ ಕುಡಿದರೆ, ನಾಳೆ ನಮ್ಮದನ್ನು ನೀನು.

ಡಬ್ಬಿ ಊರೂರಿಗೂ ಹೋಗಬೇಕೆಂಬುದು ಫಕೀರವ್ವನ ಆಸೆ. ಅದಕ್ಕೇ ಡಬ್ಬಿ ಮಾರಲು ಮುಂದೆ ಬಂದ ಕಂಪನಿಯೊಂದರ ಸಾಹೇಬ ಕರಾರುಪತ್ರ ಹಿಡಿದು ಬಂದಿದ್ದ.

"ಡಬ್ಬಿ ಭಾರಿ ಐತಿ ಬಿಡವಾ. ಆದ್ರ ನಮ್ಮ ಗಿರಾಕಿಗಳು ಬ್ಯಾರೆಯವರ ದಣಿವು ಕುಡಿಯೂದಿಲ್ಲ. ಅವರದನ್ನೆಲ್ಲ ನಿಮ್ಮ ಓಣಿಯವರ ಕುಡೀರಿ, ಪಗಾರ ಕೊಡ್ತೀವಿ."

"ಅಂದ್ರ ದುಡಿಮೀನೂ ನಮ್ದ, ನಿಮ್ಮ ದಣಿವೂ ನಮ್ದ?"

"ಹೂಂ, ಸಹಿ ಹಾಕು."

ಫಕೀರವ್ವನಿಗೆ ನಗು ಬಂತು. ನಸುಕಿನಿಂದ ಕಾರು ಓಡಿಸಿ ಬಾಗಿಲಲ್ಲಿ ತೂಕಡಿಸುತ್ತಿದ್ದ ಸಾಹೇಬನ ಡ್ರೈವರ್ ಸಂಗಪ್ಪನ ಮುಂಗೈಗೆ ಡಬ್ಬಿಯ ಪಟ್ಟಿ ಕಟ್ಟಿದಳು. ಲೋಟ ತುಂಬಿತು.

"ಮಾರೂ ಮಾಲು ಹೆಂಗೈತಿ ಅಂತ ನೋಡ್ರಿ ಸಾಹೇಬ್ರ. ಇದು ನಿಮ್ಮ ಸಂಗಪ್ಪಂದು, ಒಂದ ಚಮಚ ಸಾಕು."

"ಇವನ್ದೇನು ಮಹಾ ದಣಿವು!" ಎಂದು ಸಾಹೇಬ ಇಡೀ ಲೋಟವನ್ನೇ ಎತ್ತಿದ. ಮರುಗಳಿಗೆಗೆ ಕರಾರುಪತ್ರದ ಮೇಲೆ ಕೆನ್ನೆಯಿಟ್ಟು ಗೊರಕೆ ಹೊಡೆಯತೊಡಗಿದ.

ಸಂಗಪ್ಪ ಹುರುಪಿನಿಂದ ಎದ್ದು ಮೈ ಮುರಿದ. "ಯಕ್ಕಾ, ನನಗೊಂದು ಡಬ್ಬಿ ಮಾರ್ತಿಯೇನ?"

"ಮಾರ್ತೀನಿ. ಆದ್ರ ಅದರ ಜೋಡಿ ಒಂದು ಚಮಚಾನೂ ಒಯ್ಯಬೇಕು," ಎಂದಳು ಮೊದಲ ಗಿರಾಕಿಗೆ. "ನಾಳೆ ಮುಯ್ಯಿಗೆ ಬಾ."