ಬೀಸುಕಲ್ಲಿನಡಿಯ ಬರಹ

"ಯಾರು ಓದ್ತಾರೋ ಅವರೇ ಬರೆದೋರು. ಅಷ್ಟೇ, ಮುಗೀತು," ಎಂದು ಶಾಲಿನಿ ಹಳೇ ಹಾಳೆಗಳ ಕಟ್ಟನ್ನು ದಿವಾನದ ಮೇಲೆ ಇಟ್ಟಳು. ದಿವಾನದ ಒಂದು ತುದಿಯಲ್ಲಿ ಅವಳ ಅಜ್ಜಿ ಲಕ್ಷ್ಮಿದೇವಮ್ಮ, ಇನ್ನೊಂದು ತುದಿಯಲ್ಲಿ ಅಜ್ಜಿಯ ಓರಗಿತ್ತಿ ಮುನಿಯಕ್ಕ. ನಡುವೆ ಇನ್ನಿಬ್ಬರು ಆರಾಮಾಗಿ ಕೂರುವಷ್ಟು ಜಾಗ. ಒಬ್ಬರು ಟಿ.ವಿ. ನೋಡುತ್ತಿದ್ದರು, ಇನ್ನೊಬ್ಬರು ಕಿಟಕಿ. ಟಿ.ವಿ. ಆಫ್ ಆಗಿತ್ತು.

ಉತ್ತರಹಳ್ಳಿಯ ಹಳೇ ಹೆಂಚಿನ ಮನೆ ಕೆಡವುವಾಗ ಅಟ್ಟದ ಮಡಕೆಯೊಳಗೆ ಸಿಕ್ಕ ಹಾಳೆಗಳು ಅವು. ಕ್ಯಾಲೆಂಡರಿನ ಹಿಂಬದಿಯಲ್ಲೆಲ್ಲ ಪೆನ್ಸಿಲ್‌ನಿಂದ ಗೀಚಿದ ಸೊನ್ನೆ, ಚುಕ್ಕಿ, ಗೀಟು. ಇದು ತಾತ ನಿಧಿ ಹೂತಿಟ್ಟ ಗುರುತೇ ಇರಬೇಕೆಂದು ಶಾಲಿನಿಯ ಅಪ್ಪ ತಿಮ್ಮರಾಯಪ್ಪ ಒಂದಷ್ಟು ದಿನ ನಿದ್ದೆಗೆಟ್ಟರು. ಅವಳ ಕಾಲೇಜಿನ ದುಂಡಪ್ಪ ಮೇಷ್ಟ್ರು ಮಾತ್ರ, "ಇದು ಯಾರೋ ತಾವೇ ಕಟ್ಟಿಕೊಂಡ ಗುಪ್ತ ಲಿಪಿ ಕಣಮ್ಮ. ನಮ್ಮ ಪ್ರದರ್ಶನದಲ್ಲಿ ಇಡೋಣ, ಬರೆದೋರ ಹೆಸರು ಬೇಕು," ಎಂದರು. ಹೆಸರು ಎಂದದ್ದೇ ತಡ, ಕೆಳಗಿನ ಮನೆಯಿಂದ ಲಕ್ಷ್ಮಿದೇವಮ್ಮ "ನಾನು" ಎಂದರು, ಮೇಲಿನ ಮನೆಯಿಂದ ಮುನಿಯಕ್ಕ "ನಾನು" ಎಂದರು. ಇಬ್ಬರಿಗೂ ಅ ಆ ಇ ಈ ಬಾರದು.

ಮನೆ ಭಾಗವಾದ ದಿನದಿಂದ ಇಬ್ಬರ ನಡುವೆ ಮಾತಿಲ್ಲ. ಕೋಟಿ ಬಾಳುವ ಸೈಟುಗಳನ್ನು ಗಂಡಸರು ಕಾಫಿ ಕುಡಿಯುತ್ತಾ ಹಂಚಿಕೊಂಡಿದ್ದರು. ಹೆಂಗಸರು ಮುನಿಸಿಕೊಂಡದ್ದು ರಾಗಿ ಬೀಸುವ ಕಲ್ಲಿಗೆ. ಅದು ನನಗೇ ಬೇಕು ಎಂದು ಇಬ್ಬರದೂ ಒಂದೇ ಹಟ. ಈ ಕಾಲದಲ್ಲಿ ಮನೆಯಲ್ಲಿ ರಾಗಿ ಬೀಸುವವರಾದರೂ ಯಾರು? ಕೊನೆಗೆ ಯಾರಿಗೂ ದಕ್ಕದ ಆ ಕಲ್ಲು ಈಗ ಗೇಟಿನ ಪಕ್ಕದಲ್ಲಿದೆ. ಬಾಡಿಗೆಯವರು ಬೆಳಿಗ್ಗೆ ಅದರ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಟಿಕೊಳ್ಳುತ್ತಾರೆ.

"ಹೇಳೇ ಅವಳ್ಗೆ, ಮೊದ್ಲು ನಾನು ಓದ್ತೀನಿ ಅಂತ," ಎಂದರು ಲಕ್ಷ್ಮಿದೇವಮ್ಮ ಮೊಮ್ಮಗಳಿಗೆ.

"ಓದ್ಲಿ ಬಿಡವ್ವ. ನಾನೇನ್ ಬ್ಯಾಡ ಅಂದ್ನಾ?" ಎಂದರು ಮುನಿಯಕ್ಕ, ಕಿಟಕಿಗೆ.

ಲಕ್ಷ್ಮಿದೇವಮ್ಮ ಕನ್ನಡಕ ಏರಿಸಿ ಒಂದು ಹಾಳೆ ಎತ್ತಿಕೊಂಡರು. "ಮೂರು ಚುಕ್ಕಿ ಅಂದ್ರೆ ಅಕ್ಕ. ಖಾಲಿ ಸೊನ್ನೆ ಅಂದ್ರೆ, ಉಂಡ್ಯಾ ಅಂತ ಕೇಳೋದು. ತುಂಬಿದ್ ಸೊನ್ನೆ ಮುದ್ದೆ. ಇದು ಒಲೆ." ಗುರುತು ಹಿಡಿದ ಮೇಲೆ ಬೆರಳು ಸರಾಗವಾಗಿ ಓಡಿತು. "'ಅಕ್ಕ, ಉಂಡ್ಯಾ? ಒಲೆ ಹಿಂದೆ ಮುದ್ದೆ ಮಡಗಿವ್ನಿ. ಅತ್ತೆ ಹೊಲದ ಕಡೆ ಹೋದ್ಮೇಲೆ ತಿನ್ನು.'" ಗೆದ್ದವರ ಹಾಗೆ ತಲೆಯೆತ್ತಿ ನೋಡಿದರು.

"ಅಜ್ಜಿ, ಮನೆಗೆ ದೊಡ್ಡ ಸೊಸೆ ನೀನು," ಎಂದಳು ಶಾಲಿನಿ. "ನಿನ್ನನ್ನೇ ನೀನು ಅಕ್ಕ ಅಂತ ಕರ್ಕೊಂಡ್ಯಾ?"

ಲಕ್ಷ್ಮಿದೇವಮ್ಮ ಹಾಳೆಯನ್ನು ತಿರುಗಿಸಿ ನೋಡಿದರು. ಮುನಿಯಕ್ಕ ಕಿಸಕ್ಕನೆ ನಕ್ಕು, "ಕೊಡಿಲ್ಲಿ, ನಾನು ಬರ್ದಿದ್ದು ನಾನು ಓದ್ತೀನಿ," ಎಂದು ಕಟ್ಟಿನಿಂದ ಇನ್ನೊಂದು ಹಾಳೆ ಎಳೆದುಕೊಂಡರು. ಆ ನಗು ಮೊದಲ ಸಾಲು ದಾಟಲಿಲ್ಲ. ಅಲ್ಲಿ ಬೋರಲು ಬಿದ್ದ ತೊಟ್ಟಿಲಿನ ಚಿತ್ರವಿತ್ತು.

"'ಮುನಿ, ಅಳಬ್ಯಾಡ,'" ಎಂದು ಓದಿದರು. "'ಕೂಸು ಹೋಗಿದ್ದು ನಿನ್ ತಪ್ಪಲ್ಲ. ಇವತ್ತಿಂದ ತಿಮ್ಮನ್ನ ನಿನ್ ಮಗ್ಗುಲಲ್ಲೇ ಮಲಗಿಸ್ಕೊ...'" ಮುಂದೆ ಇನ್ನೂ ಒಂದು ಸಾಲಿತ್ತು. ಅವರು ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡರು.

ತನ್ನ ಅಪ್ಪ ಇಂದಿಗೂ ಮುನಿಯಕ್ಕನನ್ನು ಚಿಕ್ಕವ್ವ ಎನ್ನದೆ ಅವ್ವ ಎಂದೇ ಕರೆಯುವುದೇಕೆಂದು ಶಾಲಿನಿಗೆ ಆಗ ತಿಳಿಯಿತು. ಓದಿದವರು ಬರೆದವರಲ್ಲ, ಆ ಬರಹ ಯಾರಿಗೆ ಬಂದಿತ್ತೋ ಅವರು. ತಾವು ಗೀಚಿದ್ದನ್ನು ಇಬ್ಬರೂ ಯಾವತ್ತೋ ಮರೆತಿದ್ದರು. ತಮಗೆ ಬಂದದ್ದನ್ನು ಮಾತ್ರ ಒಂದು ಚುಕ್ಕಿಯೂ ಬಿಡದೆ ನೆನಪಿಟ್ಟುಕೊಂಡಿದ್ದರು.

"ಬೀಸುವಾಗ ಮಾತಾಡಿದ್ರೆ ಹಿಟ್ಟು ತರಿ ಆಗುತ್ತೆ ಅನ್ನೋರು ನಮ್ಮತ್ತೆ," ಎಂದರು ಲಕ್ಷ್ಮಿದೇವಮ್ಮ, ಯಾರೂ ಕೇಳದಿದ್ದರೂ. "ಎದುರುಬದುರು ಕೂತು ಒಂದೇ ಗೂಟ ಹಿಡ್ಕೊಂಡು ತಿರುಗಿಸ್ಬೇಕು, ತುಟಿ ಮಾತ್ರ ಬಿಚ್ಚಂಗಿಲ್ಲ. ಅದಕ್ಕೇ ಗೀಚಿ ಗೀಚಿ ಕಲ್ಲಿನಡಿ ಗೋಣಿಚೀಲದೊಳಕ್ಕೆ ತಳ್ಳೋದು. ನೋಡಾದ್ಮೇಲೆ ಇಬ್ರದೂ ಅಟ್ಟದ ಮಡಕೆಗೆ."

"ಅದಕ್ಕೇನಾ ಇಬ್ರಿಗೂ ಆ ಕಲ್ಲೇ ಬೇಕಾಗಿದ್ದು?"

ಹೊರಗೆ ಬಾಡಿಗೆಯವರ ಸ್ಕೂಟರೊಂದು ಗೇಟಿನ ಒಳಗೆ ಬಂದು ನಿಂತಿತು.

ಶಾಲಿನಿ ಪ್ರದರ್ಶನದ ಕಾರ್ಡನ್ನೂ ಪೆನ್ನನ್ನೂ ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಇಟ್ಟಳು. 'ಬರೆದವರು' ಎಂದು ಅಚ್ಚಾಗಿದ್ದ ಕಡೆ ಬೆರಳಿಟ್ಟು, "ಇಲ್ಲಿ ಏನ್ ಬರೀಲಿ, ನೀವೇ ಹೇಳಿ," ಎಂದಳು.

ಲಕ್ಷ್ಮಿದೇವಮ್ಮ ಪೆನ್ನನ್ನು ತಾವೇ ತೆಗೆದುಕೊಂಡರು. ನಿಧಾನವಾಗಿ, ಆ ಜಾಗದಲ್ಲಿ ಒಂದು ಖಾಲಿ ಸೊನ್ನೆ ಸುತ್ತಿದರು. ಆಮೇಲೆ ಕಾರ್ಡನ್ನು ದಿವಾನದ ಇನ್ನೊಂದು ತುದಿಯವರೆಗೂ ತಳ್ಳಿದರು.

ಮುನಿಯಕ್ಕ ಕಾರ್ಡನ್ನು ಎತ್ತಿ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಕಿಟಕಿಯನ್ನು ಬಿಟ್ಟು ಈ ಕಡೆ ತಿರುಗಿದರು.

"ಇನ್ನೂ ಉಂಡಿಲ್ಲ, ಅಕ್ಕ," ಎಂದರು.